ಅತ್ತೆಯ ಗಿಳಿ, ಮಾವನ ಕೋಲು

ಬೇರೆಯವರ ಕೋಪ ಕೇಳಿಸಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಬಟ್ಟೆ ಒಗೆಯುವ ಯಂತ್ರದ ಕಂಪನಿಯೊಂದಕ್ಕೆ ಮನೆಯಲ್ಲೇ ಕೂತು ಫೋನ್ ಎತ್ತುತ್ತೇನೆ. ಯಂತ್ರ ನೀರು ಬಿಡುತ್ತಿಲ್ಲ, ನೀರು ನಿಲ್ಲಿಸುತ್ತಿಲ್ಲ, ಕುಣಿದು ಕುಣಿದು ಬಚ್ಚಲಿನಿಂದ ಅಡುಗೆಮನೆಗೆ ಬಂದು ನಿಂತಿದೆ ಎಂದು ಜನ ಬಾಯಿಗೆ ಬಂದಂತೆ ಬೈಯುತ್ತಾರೆ. ನಿಮ್ಮ ತೊಂದರೆ ನನಗೆ ಅರ್ಥವಾಗುತ್ತದೆ ಎಂದು ನಾನು ತಣ್ಣಗೆ ಹೇಳುತ್ತೇನೆ. ಹೀಗೆ ಹೇಳಿ ಹೇಳಿ ನನ್ನ ಸಹನೆ ಪಳಗಿ ಗಟ್ಟಿಯಾಗಿದೆ ಎಂದುಕೊಂಡಿದ್ದೆ. ಅದು ಅತ್ತೆ ಮನೆ ಬಿಟ್ಟು ಹೋಗುವವರೆಗಿನ ಮಾತು.

ಅತ್ತೆ ಹೋದದ್ದು ಒಂದು ಕುರ್ಚಿಯ ದೆಸೆಯಿಂದ. ಮದುವೆಯಾದ ಹೊಸತರಲ್ಲಿ ಮಾವ ಅವರಿಗೆಂದೇ ಮಾಡಿಕೊಟ್ಟ ಕುರ್ಚಿ ಅದು. ಮಾವನದು ಮರ ಕಡೆಯುವ ಕಸುಬು. ಮನೆಯ ಕೆಳಗಡೆಯೇ ಅವರ ಲೇತ್ ಇದೆ. ಮಂಚದ ಕಾಲು, ಮೇಜಿನ ಕಾಲು, ಮೆಟ್ಟಿಲ ಕಟಾಂಜನದ ಕಂಬಿ ಎಲ್ಲ ಅಲ್ಲಿಂದ ದುಂಡಗೆ, ನುಣ್ಣಗೆ ಹೊರಬರುತ್ತವೆ. ಈ ಕುರ್ಚಿಯನ್ನು ಅವರು ಒಂದೇ ಮರದ ದಿಮ್ಮಿಯಿಂದ ಮಾಡಿದ್ದರು. ಎರಡು ಕೈಗಳ ತುದಿಯಲ್ಲೂ ಬೆರಳು ಸುತ್ತಿಕೊಂಡು ಕೂರಲು ಹಿತವಾದ ಸುರುಳಿ. ಒಂದು ಮಧ್ಯಾಹ್ನ ಅತ್ತೆ ಪಂಜರದ ಬಾಗಿಲು ಹಾಕುವುದನ್ನು ಮರೆತು ಬಟ್ಟೆ ಒಣಗಿಸಲು ಹೋದರು. ತಿರುಗಿ ಬರುವಷ್ಟರಲ್ಲಿ ಅವರ ಮಕಾವ್ ಗಿಳಿ ಕುರ್ಚಿಯ ಬಲಗೈ ಮೇಲೆ ಕೂತು ಸುರುಳಿಯನ್ನು ಕಚ್ಚಿ ಕಚ್ಚಿ ನೆಲದ ತುಂಬ ಚೂರು ಹರಡಿತ್ತು.

ಮಾವ ಕುಣಿದಾಡಿಬಿಟ್ಟರು. ಈ ಮನೆಯಲ್ಲಿ ಇನ್ನು ಮೇಲೆ ಆ ಹಕ್ಕಿ ಇರಬೇಕು, ಇಲ್ಲ ತಾವಿರಬೇಕು, ಯಾರು ಬೇಕೋ ಈಗಲೇ ತೀರ್ಮಾನವಾಗಲಿ ಎಂದರು. ಅತ್ತೆ ನೆಲದ ಮೇಲಿನ ಚೂರೆಲ್ಲ ಗುಡಿಸಿ, ಮೊರಕ್ಕೆ ಎತ್ತಿ, ಕೈ ತೊಳೆದುಕೊಂಡು ಬಂದು ತೀರ್ಮಾನ ಹೇಳಿದರು.

"ಇಬ್ಬರೂ ಇರಿ. ನಾನೇ ಹೋಗ್ತೀನಿ."

ಅತ್ತೆಯ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು, ನೋಡಿಕೊಳ್ಳಲು ಜನ ಬೇಕಿತ್ತು. ನೆಪ ಅದು. ಅಕ್ಕ ಇರುವ ಕಟ್ಟಡದಲ್ಲಿ ಪ್ರಾಣಿ ಪಕ್ಷಿ ಸಾಕುವಂತಿಲ್ಲವಾದ್ದರಿಂದ ಗಿಳಿ ಇಲ್ಲೇ ಉಳಿಯಿತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಅತ್ತೆ ನನ್ನ ಕಡೆ ತಿರುಗಿ, ಆದರೆ ಒಳಗಿದ್ದ ಮಾವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ನನ್ನದು ಅಂತ ಈ ಮನೇಲಿ ಇರೋದು ಅದೊಂದೇ. ಅದನ್ನ ಸರಿಯಾಗಿ ನೋಡ್ಕೊಂಡ್ರೆ ವಾಪಸ್ ಬರ್ತೀನಿ. ಇಲ್ಲ ಅಂದ್ರೆ ಅಕ್ಕನ ಮನೇಲಿ ನನಗೊಂದು ರೂಮು ಖಾಲಿ ಇದೆ."

ಅತ್ತೆ ಸುಮ್ಮನೆ ಹೆದರಿಸುವವರಲ್ಲ. ಹೇಳಿದರೆ ಮುಗಿಯಿತು. ಈ ಮನೆಯಲ್ಲಿ ನನ್ನ ಮಾತು ಅರ್ಧಕ್ಕೇ ಅರ್ಥವಾಗುತ್ತಿದ್ದದ್ದು ಅವರೊಬ್ಬರಿಗೆ. ನನ್ನ ಗಂಡ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವರು. ವಾರದಲ್ಲಿ ಅರ್ಧ ಹಳಿಯ ಮೇಲೆ, ಉಳಿದರ್ಧ ಹಾಸಿಗೆಯ ಮೇಲೆ. ಅಪ್ಪ ಅಮ್ಮನ ಜಗಳ ಎಂದರೆ ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಅಮ್ಮ ಹೇಳುವುದೂ ಸರಿ, ಅಪ್ಪ ಹೇಳುವುದೂ ಸರಿ ಎಂದು ಚೀಲ ಹೆಗಲಿಗೇರಿಸಿ ಡ್ಯೂಟಿಗೆ ನಡೆದುಬಿಟ್ಟರು.

ಗಿಳಿಯ ಬಗ್ಗೆ ಹೇಳಲೇಬೇಕು. ಮೂಲೆಯ ಔಷಧಿ ಅಂಗಡಿಯವರು ಊರು ಬಿಡುವಾಗ ಕಾಗದ ಪತ್ರದ ಸಮೇತ ಅತ್ತೆಗೆ ದಾಟಿಸಿ ಹೋದ ಆಸ್ತಿ ಅದು. ಬೆನ್ನು, ರೆಕ್ಕೆ, ಬಾಲವೆಲ್ಲ ಕಡು ನೀಲಿ, ಎದೆ ಹೊಟ್ಟೆ ಅರಿಶಿನದ ಹಳದಿ, ಹಣೆಯ ಮೇಲೆ ಹಸಿರಿನ ತುಂಡು. ಮುಖ ಮಾತ್ರ ಬೋಳು ಬಿಳುಪು. ಅದರ ಮೇಲೆ ಯಾರೋ ಪೆನ್ನಿನಿಂದ ಗೀಚಿದಂತೆ ಸಣ್ಣ ಸಣ್ಣ ಕಪ್ಪು ಗರಿಗಳ ಗೆರೆ. ಸಿಟ್ಟು ಬಂದರೂ ಸಂತೋಷವಾದರೂ ಆ ಬಿಳಿ ಕೆನ್ನೆ ಗುಲಾಬಿಯಾಗುತ್ತದೆ. ಗಂಡೋ ಹೆಣ್ಣೋ ಎಂದು ರಕ್ತ ಪರೀಕ್ಷೆ ಮಾಡಿಸದೆ ಹೇಳಲಾಗದು. ಅತ್ತೆ ಪರೀಕ್ಷೆ ಗಿರೀಕ್ಷೆ ಇಲ್ಲದೆ ದೊರೆ ಎಂದು ಹೆಸರಿಟ್ಟರು. ನಡೆದುಕೊಳ್ಳುವುದೂ ಹಾಗೆಯೇ. ಐವತ್ತು ಅರವತ್ತು ವರ್ಷ ಬದುಕುವ ಜಾತಿಯಂತೆ. ನನ್ನ ಪಾಲಿಗೆ ಇದು ಆಯಸ್ಸಿಡೀ ಇರುವ ಸಂಬಂಧ ಎಂದಾಯಿತು.

ಬೆಳಕು ಹರಿಯುವಾಗ ಒಮ್ಮೆ, ಹೊತ್ತು ಮುಳುಗುವಾಗ ಒಮ್ಮೆ ದೊರೆ ಕಿರುಚುತ್ತದೆ. ಕಾಡಿನಲ್ಲಿ ದೂರದೂರ ಚದುರಿದ ಗುಂಪನ್ನು ಕರೆಯುವ ಕೂಗಂತೆ. ಇಲ್ಲಿ ಗುಂಪು ಎಂದರೆ ಅತ್ತೆ. ಅವರು ಎಲ್ಲಿದ್ದರೂ ಓಗೊಟ್ಟರೆ ಸುಮ್ಮನಾಗುತ್ತಿತ್ತು. ಅವರು ಹೋದ ಮೇಲೆ ಓಗೊಡುವವರಿಲ್ಲ, ಹಾಗಾಗಿ ಕೂಗು ನಿಲ್ಲುವುದೂ ಇಲ್ಲ. ಫೋನಿನ ಆ ತುದಿಯಲ್ಲಿ ಯಂತ್ರದ ಮೇಲೆ ಉರಿದು ಬೀಳುತ್ತಿದ್ದ ಹೆಂಗಸೊಬ್ಬರು ತಟ್ಟನೆ ನಿಲ್ಲಿಸಿ, ಅಲ್ಲಿ ಯಾರನ್ನಾದರೂ ಹೊಡೆಯುತ್ತಿದ್ದಾರಾ, ಪೊಲೀಸರಿಗೆ ಹೇಳಲಾ ಎಂದು ಕೇಳಿದರು. ಹೇಳಿ, ಬಂದು ಇಬ್ಬರನ್ನೂ ಕರೆದುಕೊಂಡು ಹೋಗಲಿ ಎನ್ನಬೇಕೆನಿಸಿತು. ತೊಂದರೆಗಾಗಿ ಕ್ಷಮಿಸಿ ಎಂದೆ.

ಇಬ್ಬರು ಎಂದದ್ದು ಬೇಕೆಂದೇ. ಮಾವನಿಗೂ ದೊರೆಗೂ ಹೆಚ್ಚು ವ್ಯತ್ಯಾಸವಿಲ್ಲ. ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ, ಮರ ಕಂಡರೆ ಕೈ ಬಾಯಿ ಸುಮ್ಮನಿರದು. ಒಂದು ಅದನ್ನು ಒರಟು ಮಾಡುತ್ತದೆ, ಇನ್ನೊಬ್ಬರು ನಯ ಮಾಡುತ್ತಾರೆ, ಅಷ್ಟೇ. ನಮ್ಮ ಮನೆಯ ಪೊರಕೆಯ ಹಿಡಿಯನ್ನೂ ಅವರು ಲೇತಿಗೆ ಹಾಕಿ ತಂದಿದ್ದಾರೆ. ಬಾಗಿಲ ಚಿಲಕ, ಸೌಟಿನ ಹಿಡಿ, ನನ್ನ ಮೇಜಿನ ಅಂಚು, ಯಾವುದಕ್ಕೂ ಬಿಡುಗಡೆಯಿಲ್ಲ. ತರಕಾರಿ ಹೆಚ್ಚುವ ಹಲಗೆಯ ಮೇಲೆ ಚಾಕುವಿನ ಗೆರೆ ಬಿತ್ತೆಂದು ಎತ್ತಿಕೊಂಡು ಹೋಗಿ ಉಜ್ಜಿ ಉಜ್ಜಿ, ಈಗ ಅದು ಹಪ್ಪಳದಷ್ಟು ತೆಳ್ಳಗಾಗಿದೆ. ಅತ್ತೆ ಮಡಿಸಿಟ್ಟ ಬಟ್ಟೆಯನ್ನೂ ಅಂಚಿಗೆ ಅಂಚು ಕೂಡಿಲ್ಲವೆಂದು ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ಬಾಯಲ್ಲಿ ಒಂದು ಒಳ್ಳೆಯ ಮಾತಿಲ್ಲ, ಇದಕ್ಕೇನಾಗಿದೆ, ಇದು ಯಾಕೆ ಹೀಗಿದೆ, ಇಷ್ಟೇ.

ಅತ್ತೆ ಹೋದ ಮಾರನೆಯ ದಿನವೇ ಮಾವ ಪಂಜರದ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತರು. ಒಳಗೆ ಅತ್ತೆ ಅಡ್ಡಾದಿಡ್ಡಿ ಕಟ್ಟಿದ್ದ ಕೊಂಬೆಗಳಿದ್ದವು. ಉದ್ಯಾನದ ಮಾಲಿ ಸವರಿ ಹಾಕಿದ್ದನ್ನು ಅವರು ಆಗಾಗ ಹೊತ್ತು ತಂದು, ತೊಳೆದು, ಒಣಗಿಸಿ, ಹಗ್ಗದಿಂದ ಬಿಗಿಯುತ್ತಿದ್ದರು. ಒಂದು ದಪ್ಪ, ಒಂದು ಸಣ್ಣ, ಒಂದು ಸೊಟ್ಟ, ಒಂದಕ್ಕೆ ಗಂಟು, ಎಲ್ಲದರ ತೊಗಟೆ ಅರ್ಧರ್ಧ ಸುಲಿದದ್ದು. ನೆಲದ ತುಂಬ ಸಿಬಿರು. ಮಾವ ಎಲ್ಲವನ್ನೂ ಬಿಚ್ಚಿ ಬಚ್ಚಲ ಒಲೆಗೆ ಹಾಕಿದರು. ದೊರೆ ಗೋಡೆಗೆ ಎಸೆಯುತ್ತಿದ್ದ ಕ್ಯಾರೆಟ್ಟು ಸೊಪ್ಪು ನಿಲ್ಲಿಸಿ, ಬಟ್ಟಲಲ್ಲಿ ಬರೀ ಸೂರ್ಯಕಾಂತಿ ಬೀಜ ತುಂಬಿದರು. ಆಮೇಲೆ ಕೆಳಗೆ ಹೋಗಿ ಇಡೀ ದಿನ ಲೇತ್ ಓಡಿಸಿ, ಎರಡು ಕೋಲು ಕಡೆದು ತಂದು ಪಂಜರಕ್ಕೆ ಅಡ್ಡಲಾಗಿ ಕೂರಿಸಿದರು.

ಎಂಥ ಕೋಲು ಅಂತೀರಿ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಗಾತ್ರ, ಕೂದಲೆಳೆಯಷ್ಟು ಹೆಚ್ಚು ಕಡಿಮೆಯಿಲ್ಲ. ಬೆರಳಿಟ್ಟರೆ ಜಾರಬೇಕು, ಅಷ್ಟು ನುಣುಪು. ಪಾಲಿಶಿನ ವಾಸನೆ ಹಕ್ಕಿಯ ಎದೆಗೆ ಆಗುವುದಿಲ್ಲ, ಒಲೆಯ ಮೇಲೆ ಕಾದ ನಾನ್‌ಸ್ಟಿಕ್ ಬಾಣಲೆಯ ಹೊಗೆಗೇ ಸತ್ತುಹೋಗುವ ಪ್ರಾಣಿ ಅದು ಎಂದು ಅತ್ತೆ ಹೇಳಿದ್ದು ನೆನಪಿದ್ದು ನಾನು ಪಾಲಿಶ್ ಬೇಡವೆಂದು ತಡೆದೆ. ಮಾವ ಮುಖ ಗಂಟಿಕ್ಕಿಕೊಂಡು ಒಪ್ಪಿದರು, ಅದರ ಬದಲು ಇನ್ನಷ್ಟು ಹೊತ್ತು ಉಜ್ಜಿದರು. ನಿಜ ಹೇಳಬೇಕೆಂದರೆ ನನಗೂ ಖುಷಿಯಾಯಿತು. ಸಿಬಿರು ಗುಡಿಸುವ ಕೆಲಸ ತಪ್ಪಿತಲ್ಲ.

ಭಾನುವಾರ ಭಾನುವಾರ ಅತ್ತೆ ವಿಡಿಯೋ ಕರೆ ಮಾಡುತ್ತಿದ್ದರು. ನನ್ನ ಹತ್ತಿರ ಎರಡು ಮಾತು, ಮಗನ ಹತ್ತಿರ ಒಂದು ಮಾತು, ಉಳಿದದ್ದೆಲ್ಲ ದೊರೆಯ ಹತ್ತಿರ. ಅವರ ದನಿ ಕೇಳಿದ್ದೇ ಅದರ ಕೆನ್ನೆ ಕೆಂಪೇರುತ್ತಿತ್ತು, ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಹಿಗ್ಗಿ ಕುಗ್ಗಿ ಮಾಡುತ್ತಿತ್ತು. ಮಾವ ಆ ಹೊತ್ತಿಗೆ ಸರಿಯಾಗಿ ಪಕ್ಕದಲ್ಲಿ ಪೇಪರು ಹಿಡಿದು ಕೂರುತ್ತಿದ್ದರು. ಪುಟ ಮಗುಚುತ್ತಿರಲಿಲ್ಲ. ಅತ್ತೆ ಅವರ ಸುದ್ದಿ ಕೇಳುತ್ತಿರಲಿಲ್ಲ, ಮಾವ ತಾವಾಗಿ ಮಾತಾಡುತ್ತಿರಲಿಲ್ಲ. ಫೋನ್ ಇಟ್ಟ ಮೇಲೆ, ಕೋಲು ಕಾಣಿಸಿತಂತಾ ಎಂದು ನನ್ನನ್ನು ಕೇಳುತ್ತಿದ್ದರು. ನನ್ನ ಪಿತ್ತ ನೆತ್ತಿಗೇರುತ್ತಿತ್ತು. ಬಾ ಎನ್ನಲು ಬಾಯಿ ಬರುವುದಿಲ್ಲ, ಕೋಲು ಕಾಣಬೇಕು.

ಅಷ್ಟರಲ್ಲಿ ದೊರೆ ಸಪ್ಪಗಾಯಿತು. ಕೊಕ್ಕಿನಿಂದ ಕಂಬಿ ಹಿಡಿದು ಪಂಜರದ ಮಾಡಿನವರೆಗೆ ಹತ್ತಿ ತಲೆಕೆಳಗಾಗಿ ಜೋತಾಡುತ್ತಿದ್ದ ಹಕ್ಕಿ, ಕೋಲಿನ ಮೇಲೆ ಕೂತಲ್ಲೇ ಕೂತಿತು. ಸ್ವಲ್ಪ ಹೊತ್ತು ಈ ಕಾಲು, ಸ್ವಲ್ಪ ಹೊತ್ತು ಆ ಕಾಲು. ಬಾದಾಮಿ ಕೊಟ್ಟರೆ ಎಡಗಾಲಿನಲ್ಲಿ ಹಿಡಿದು, ನಮ್ಮ ಹಾಗೆ ಕೈಯೆತ್ತಿ ತಿನ್ನುತ್ತಿತ್ತು ಮೊದಲು. ಈಗ ಕೊಕ್ಕಿನಲ್ಲಿ ತೆಗೆದುಕೊಂಡು ಬಟ್ಟಲಿಗೇ ಹಾಕತೊಡಗಿತು. ಅತ್ತೆಯ ನೆನಪಲ್ಲಿ ಕೊರಗುತ್ತಿದೆ ಎಂದು ನಾನು. ಹಠ ಮಾಡುತ್ತಿದೆ, ಯಜಮಾನಿಯದೇ ಬುದ್ಧಿ ಎಂದು ಮಾವ. ಅದರ ಅಂಗಾಲು ಕೆಂಪಗಾಗಿರುವುದು ಒಂದು ದಿನ ಮಾವನ ಕಣ್ಣಿಗೇ ಬಿತ್ತು. ಎಲ್ಲೋ ಒರಟು ಉಳಿದಿದೆ, ತರಚುತ್ತಿದೆ ಎಂದು ಕೋಲು ಬಿಚ್ಚಿ, ಇನ್ನೂ ನಯವಾದ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ ತಂದರು. ನಾಲ್ಕು ದಿನಕ್ಕೆ ಇನ್ನೂ ಕೆಂಪಾಯಿತು. ಮತ್ತೆ ಉಜ್ಜಿದರು.

ಕಡೆಗೆ ಹಕ್ಕಿ ಒಂದು ಕಾಲನ್ನು ಊರುವುದೇ ಬಿಟ್ಟಾಗ ನಾನು ರಜೆ ಹಾಕಿ, ದೊರೆಯನ್ನು ಗಾಳಿಗಿಂಡಿಯ ಪೆಟ್ಟಿಗೆಯೊಳಗೆ ಕೂರಿಸಿ, ಮಾವನನ್ನೂ ಎಬ್ಬಿಸಿಕೊಂಡು ಹಕ್ಕಿ ಡಾಕ್ಟರ ಹತ್ತಿರ ಹೊರಟೆ. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಟವೆಲಿನಲ್ಲಿ ದೊರೆಯನ್ನು ಸುತ್ತಿ, ಕಾಲು ಮೇಲೆ ಮಾಡಿ ನಮಗೆ ತೋರಿಸಿದರು. ಅಂಗಾಲಿನ ಚರ್ಮದ ಸಣ್ಣ ಸಣ್ಣ ಉಬ್ಬುಗಳೆಲ್ಲ ಸವೆದುಹೋಗಿ ಹೊಳೆಯುತ್ತಿತ್ತು, ನಟ್ಟನಡುವೆ ಹುಣ್ಣಿನ ಕಪ್ಪು ಚುಕ್ಕೆ. ಮನೆಯಲ್ಲಿ ಯಾವುದರ ಮೇಲೆ ಕೂರುತ್ತದೆ ಎಂದು ಕೇಳಿದರು. ನಾನು ಫೋನಿನಲ್ಲಿದ್ದ ಫೋಟೋ ತೋರಿಸಿದೆ.

"ಇಷ್ಟು ನುಣುಪಾಗಿ ಇದನ್ನ ಯಾರು ಮಾಡಿದ್ದು?" ಎಂದರು.

ಮಾವನ ಎದೆ ಉಬ್ಬಿತು. ತಾವೇ ಎಂದರು. ಯಾವ ಮರ, ಹೇಗೆ ಒಣಗಿಸಿದ್ದು, ಎಷ್ಟು ಸಲ ಉಜ್ಜಿದ್ದು ಎಂದು ಶುರು ಹಚ್ಚಿಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು, ಏಕೆಂದರೆ ಡಾಕ್ಟರ ಮುಖ ನಾನು ನೋಡುತ್ತಿದ್ದೆ. ಅವರು ಮಾವ ಮುಗಿಸುವವರೆಗೂ ಕಾದರು.

"ಯಜಮಾನ್ರೇ, ಈ ಹುಣ್ಣು ಆ ಕೋಲಿಂದಲೇ ಆಗಿರೋದು."

ಆಮೇಲೆ ಬಿಡಿಸಿ ಹೇಳಿದರು. ಹಕ್ಕಿ ಹಗಲೂ ರಾತ್ರಿ ಕಾಲ ಮೇಲೇ ಇರುವ ಪ್ರಾಣಿ. ಕೊಂಬೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇದ್ದರೆ ಹಿಡಿತ ಬದಲಾಗುತ್ತದೆ, ಭಾರ ಅಂಗಾಲಿನ ಬೇರೆ ಬೇರೆ ಜಾಗಕ್ಕೆ ಬೀಳುತ್ತದೆ. ಎಲ್ಲ ಕಡೆಯೂ ಒಂದೇ ಸಮ ಇದ್ದರೆ ಒಂದೇ ಜಾಗ ಒತ್ತಿ ಒತ್ತಿ ಕೊಳೆಯುತ್ತದೆ. ಸಾಲದ್ದಕ್ಕೆ ಜಾರುವ ಕೋಲನ್ನು ಬೀಳದಂತೆ ಬಿಗಿಹಿಡಿಯಬೇಕು. ಬರೀ ಸೂರ್ಯಕಾಂತಿ ಬೀಜ ತಿಂದು ಚರ್ಮಕ್ಕೆ ಶಕ್ತಿಯೂ ಇಲ್ಲ. ಕೀವು ಮೂಳೆಗೆ ಇಳಿದರೆ ಕಾಲು ಉಳಿಯುವುದಿಲ್ಲ, ಹಕ್ಕಿ ಉಳಿಯುವುದೂ ಕಷ್ಟ. ತೊಗಟೆ ಇರುವ, ಸೊಟ್ಟಗಿರುವ, ಗಾತ್ರ ಒಂದೇ ಸಮ ಇಲ್ಲದ ಕೊಂಬೆ ಕಟ್ಟಬೇಕು. ಕಚ್ಚಿ ಪುಡಿ ಮಾಡಲು ಮರ ಕೊಡಬೇಕು, ಅದು ಆ ಕೊಕ್ಕಿನ ಹುಟ್ಟುಗುಣ. ಅದು ಪುಡಿ ಮಾಡಿದಂತೆಲ್ಲ ಹೊಸದು ತರುತ್ತಿರಬೇಕು ಎಂದರು. ಅತ್ತೆ ಮಾಡುತ್ತಿದ್ದದ್ದನ್ನೇ ಒಂದೊಂದಾಗಿ ಹೇಳಿದರು.

ಮನೆಯ ಮೆಟ್ಟಿಲು ಹತ್ತುವಾಗ ಮಾವ, ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ, ಮರದ ವಿಷಯ ಅವಳಿಗೇನು ಗೊತ್ತು ಎಂದು ಗೊಣಗಿದರು. ಆದರೂ ನೇರ ಲೇತಿನ ಹತ್ತಿರ ಹೋದರು. ಸಂಜೆಗೆ ಹೊಸ ಕೋಲು ಹಿಡಿದು ಬಂದರು. ಇಗೋ, ಒಂದೇ ಸಮ ಇಲ್ಲ, ದಪ್ಪ ಸಣ್ಣ ಎರಡೂ ಇದೆ ಎಂದು ನನ್ನ ಕೈಗಿತ್ತರು. ನೋಡಿದೆ. ಉಬ್ಬು, ತಗ್ಗು, ಉಬ್ಬು, ತಗ್ಗು. ಒಂದು ಉಬ್ಬಿಗೂ ಇನ್ನೊಂದಕ್ಕೂ ಅಳೆದಿಟ್ಟ ಅಂತರ, ಎಲ್ಲವೂ ಒಂದೇ ಅಚ್ಚು. ನಮ್ಮ ಮೆಟ್ಟಿಲ ಕಟಾಂಜನದಿಂದ ಕಂಬಿಯೊಂದನ್ನು ಕಿತ್ತು ತಂದಂತಿತ್ತು. ಅದೂ ಕನ್ನಡಿಯಷ್ಟು ನುಣುಪು.

ಅಷ್ಟು ವರ್ಷ ಫೋನಿನಲ್ಲಿ ನುಂಗಿದ್ದೆಲ್ಲ ಆಗ ಒಟ್ಟಿಗೆ ಹೊರಗೆ ಬಂತು.

"ಮಾವ, ನಿಮ್ಮ ಕೈಯಲ್ಲಿ ಯಾವುದನ್ನೂ ಇದ್ದ ಹಾಗೆ ಬಿಡೋಕೆ ಆಗಲ್ವಾ? ಅತ್ತೆ ಹೋಗಿದ್ದು ಹಕ್ಕಿಯಿಂದಲ್ಲ, ಕುರ್ಚಿಯಿಂದಲೂ ಅಲ್ಲ. ಅವರು ಕಟ್ಟಿದ್ದು, ಮಡಿಸಿದ್ದು, ಇಟ್ಟಿದ್ದು ಯಾವುದನ್ನಾದ್ರೂ ಒಂದು ದಿನ ನೀವು ಹಾಗೇ ಬಿಟ್ಟಿದ್ರಾ? ಉಜ್ಜಿ ಉಜ್ಜಿ ಅವರನ್ನೂ ಸವೆಸಿದ್ರಿ. ಈಗ ಅವರ ಹಕ್ಕೀನ ಸವೆಸ್ತಿದೀರಿ. ಅದರ ಕಾಲು ಹೋದ್ರೆ ಅವರು ಬರಲ್ಲ, ತಿಳ್ಕೊಳ್ಳಿ."

ಮಾವನ ಎದುರು ಆ ಮನೆಯಲ್ಲಿ ಯಾರೂ ಹಾಗೆ ಮಾತಾಡಿದ್ದಿಲ್ಲ. ಅವರು ಕೋಲನ್ನು ನನ್ನ ಕೈಯಿಂದ ವಾಪಸ್ ತೆಗೆದುಕೊಂಡರು, ಹೆಬ್ಬೆರಳಿನಿಂದ ಅದರ ಮೇಲೆ ಒಮ್ಮೆ ಸವರಿದರು, ಬಗಲಿಗೆ ಸಿಕ್ಕಿಸಿಕೊಂಡು ಕೆಳಗೆ ಇಳಿದುಹೋದರು. ಲೇತಿನ ಸದ್ದು ಕೇಳಲಿಲ್ಲ. ನನಗೆ ಕೋಪ ಇಳಿದಿರಲಿಲ್ಲ, ಆದರೆ ಅಳುವೂ ಬಂತು. ಅಷ್ಟರಲ್ಲಿ ದೊರೆ ಸಂಜೆಯ ಕೂಗು ಶುರು ಮಾಡಿತು.

ಮರುದಿನ ಬೆಳಿಗ್ಗೆ ಮಾವ ಮನೆಯಲ್ಲಿರಲಿಲ್ಲ. ಬಿಸಿಲೇರುವ ಹೊತ್ತಿಗೆ ಉದ್ಯಾನದ ಮಾಲಿಯ ಜೊತೆ ಒಂದು ಹೊರೆ ಕೊಂಬೆ ಹೊತ್ತುಕೊಂಡು ಬಂದರು. ಬಚ್ಚಲಿನಲ್ಲಿ ಕೂತು ಒಂದೊಂದನ್ನೂ ತೊಳೆದರು. ಒಂದು ಗಂಟು ಮುಂದಕ್ಕೆ ಚಾಚಿಕೊಂಡಿತ್ತು. ಅವರ ಕೈ ತನ್ನಷ್ಟಕ್ಕೆ ಉಳಿಯ ಕಡೆ ಹೋದದ್ದನ್ನೂ, ಅರ್ಧ ದಾರಿಯಿಂದ ತಿರುಗಿ ಬಂದು ತೊಡೆಯ ಕೆಳಗೆ ಸೇರಿಕೊಂಡದ್ದನ್ನೂ ನಾನು ಹೆಡ್‌ಫೋನ್ ಹಾಕಿಕೊಂಡು ಕೂತಲ್ಲಿಂದಲೇ ಕಂಡೆ. ಆ ಕೊಂಬೆಯನ್ನು ಹಾಗೇ ಕಟ್ಟಿದರು. ಕಟ್ಟಿದ್ದು ಸೊಟ್ಟಗಿತ್ತು. ನೋಡಲಾಗದೆ ಮುಖ ತಿರುಗಿಸಿಕೊಂಡು ಹೋದರು.

ಇಷ್ಟೆಲ್ಲ ಮಾಡಿದರೆ ದೊರೆ ಹತ್ತಬೇಕಲ್ಲ. ಹೊಸದನ್ನು ಕಂಡರೆ ಹೆದರುವ ಜಾತಿ. ಪಂಜರದ ಮೂಲೆಗೆ ಅಂಟಿಕೊಂಡು ಆ ಕೊಂಬೆಯನ್ನು ಹಾವು ನೋಡಿದಂತೆ ನೋಡಿತು. ನುಣುಪು ಕೋಲು ತೆಗೆದುಹಾಕಿದ್ದರಿಂದ ಕಂಬಿಗೇ ಜೋತುಬಿದ್ದಿತು. ನನ್ನ ಸಹನೆಯ ಕಟ್ಟೆ ಮತ್ತೆ ಒಡೆಯುವುದರಲ್ಲಿತ್ತು. ಮಾವ ಮಾತ್ರ, ಅದೇ ಮೂಗಿನ ತುದಿಯ ಕೋಪದ ಮಾವ, ಮಣೆ ಹಾಕಿಕೊಂಡು ಪಂಜರದ ಎದುರು ಕೂತರು. ಬೈಯಲಿಲ್ಲ, ಕೋಲು ತಟ್ಟಲಿಲ್ಲ. ಊಟದ ತಟ್ಟೆಯನ್ನೂ ಅಲ್ಲಿಗೇ ತರಿಸಿಕೊಂಡರು. ಹೊತ್ತು ಇಳಿಯುವಾಗ ದೊರೆ ಮೊದಲು ಕೊಕ್ಕಿನಿಂದ ಗಂಟನ್ನು ಮುಟ್ಟಿ ನೋಡಿತು, ನಾಲಿಗೆಯಿಂದ ಸವರಿತು, ಆಮೇಲೆ ಒಂದು ಕಾಲಿಟ್ಟಿತು. ಎರಡು ಬೆರಳು ಮುಂದೆ, ಎರಡು ಬೆರಳು ಹಿಂದೆ, ಗಂಟನ್ನು ತಬ್ಬಿ ಹಿಡಿಯಿತು. ಮಾವ ಉಸಿರು ಬಿಟ್ಟದ್ದು ನನ್ನ ಮೇಜಿಗೂ ಕೇಳಿಸಿತು.

ಮುಲಾಮು ಹಚ್ಚುವುದು ಬೇರೆಯದೇ ಪಾಡು. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಮಾವ ಟವೆಲಿನಲ್ಲಿ ದೊರೆಯನ್ನು ಹಿಡಿಯಬೇಕು, ನಾನು ಹಚ್ಚಬೇಕು. ಗಟ್ಟಿ ಕಾಯಿ ಒಡೆಯುವ ಕೊಕ್ಕು ಅದು. ಮಾವನ ತೋರುಬೆರಳನ್ನು ಮೂಳೆ ಕಾಣುವಂತೆ ಕಚ್ಚಿತು. ಅವರು ಹಲ್ಲು ಕಚ್ಚಿಕೊಂಡು, ನೀನು ಹಚ್ಚು, ನೀನು ಹಚ್ಚು ಎಂದರು. ಕ್ಯಾರೆಟ್ಟು ಸೊಪ್ಪು ಮತ್ತೆ ಗೋಡೆಗೆ ಹಾರತೊಡಗಿತು. ನಾನು ಒರೆಸಿದೆ, ದೊರೆ ಎಸೆಯಿತು, ನಾನು ಒರೆಸಿದೆ. ಇದನ್ನೆಲ್ಲ ಅತ್ತೆಯಿಂದ ಮುಚ್ಚಿಟ್ಟಿದ್ದೆ. ಆ ಭಾನುವಾರಗಳಲ್ಲಿ ಫೋನನ್ನು ಹಕ್ಕಿಯ ಎದೆಯಿಂದ ಮೇಲಕ್ಕೆ ಮಾತ್ರ ಹಿಡಿಯುತ್ತಿದ್ದೆ.

ಅತ್ತೆಯ ಅಕ್ಕ ಕೋಲೂರಿ ನಡೆದಾಡುವಂತಾದ ಭಾನುವಾರ, ಅತ್ತೆ ದೊರೆಗೆ ಬಾದಾಮಿ ಕೊಡು ಎಂದರು. ಕೊಟ್ಟೆ. ಅದು ಕೊಕ್ಕಿನಲ್ಲಿ ತೆಗೆದುಕೊಂಡಿತು. ಕಾಲಲ್ಲಿ ಯಾಕೆ ಹಿಡಿಯಲಿಲ್ಲ ಎಂದು ಅತ್ತೆ ಕೇಳಿದರು. ಹಸಿವಿರಲಿಕ್ಕಿಲ್ಲ ಎಂದು ತೊದಲಿದೆ. ಫೋನ್ ಕೆಳಗೆ ಮಾಡು, ಕಾಲು ತೋರಿಸು ಎಂದರು. ಫೋನಿನಲ್ಲಿ ಸಮಾಧಾನ ಹೇಳಿಯೇ ಅನ್ನ ತಿನ್ನುವ ನನಗೆ ಒಂದು ಮಾತೂ ಹೊಳೆಯಲಿಲ್ಲ.

ಪೇಪರು ಮಡಿಸಿದ ಸದ್ದಾಯಿತು. ಮಾವ ಎದ್ದು ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ತಾವೇ ದೊರೆಯ ಕಾಲಿಗೆ ಹಿಡಿದರು. ಹುಣ್ಣು ಅಷ್ಟು ಹೊತ್ತಿಗೆ ಒಣಗಿ ಹಕ್ಕಳೆಗಟ್ಟಿತ್ತು, ಆದರೂ ಹುಣ್ಣು ಹುಣ್ಣೇ.

"ಇದು ನಾನು ಮಾಡಿದ್ದು," ಎಂದರು. "ನೀನು ಕಟ್ಟಿದ್ದನ್ನ ಕಿತ್ತು ನನ್ನ ಕೋಲು ಹಾಕ್ದೆ. ಅದರಿಂದ ಆಯ್ತು. ಅವಳದೇನೂ ತಪ್ಪಿಲ್ಲ."

ಅತ್ತೆಯ ಮುಖ ನನಗೆ ಕಾಣುತ್ತಿರಲಿಲ್ಲ, ಮಾವನಿಗೆ ಕಾಣುತ್ತಿತ್ತು. ಡಾಕ್ಟರಿಗೆ ತೋರಿಸಿದಿರಾ, ಏನಂದರು ಎಂದು ಅತ್ತೆ ಕೇಳಿದರು. ಮಾವ ಮಗ್ಗಿ ಒಪ್ಪಿಸುವಂತೆ ಎಲ್ಲ ಒಪ್ಪಿಸಿದರು. ನೋಡೋಣ ಎಂದು ಅತ್ತೆ ಫೋನ್ ಇಟ್ಟರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಆ ರೂಮು ಇನ್ನೂ ಖಾಲಿಯೇ ಇದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಆ ವಾರ ಮಾವ ಆ ನಿನ್ನೆ ಮೊನ್ನೆ ಹುಟ್ಟಿದ ಹುಡುಗಿಗೆ ತಾವಾಗಿ ಫೋನ್ ಮಾಡಿ, ಇಂಥ ಮರ ಹಕ್ಕಿಗೆ ಒಗ್ಗುತ್ತದಾ, ವಿಷವೇನಾದರೂ ಇದೆಯಾ ಎಂದು ಕೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಏನಿಲ್ಲವಂತೆ. ಕೆಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತಂದರು. ಬಿಚ್ಚಿದಾಗ ನನಗೆ ಗುರುತು ಸಿಕ್ಕಿತು. ಅದು ಕುರ್ಚಿಯ ಕೈ, ಹೊಸದು. ಜಗಳವಾದ ದಿನದಿಂದ ಅವರು ಕದ್ದುಮುಚ್ಚಿ ಅದರ ಮೇಲೆ ಕೆಲಸ ಮಾಡುತ್ತಿದ್ದರು. ಕುರ್ಚಿ ಮಾಡಿದ ದಿಮ್ಮಿಯದೇ ಒಂದು ತುಂಡನ್ನು ಅಷ್ಟು ವರ್ಷದಿಂದ ಅಟ್ಟದ ಮೇಲೆ ಕಾದಿಟ್ಟಿದ್ದರಂತೆ. ಸುರುಳಿ ಮುಗಿದಿತ್ತು, ಪಾಲಿಶ್ ಒಂದೇ ಬಾಕಿ. ದೊರೆ ಕಚ್ಚಿ ಹಾಳು ಮಾಡಿದ ಕೈ ತೆಗೆದು ಇದನ್ನು ಕೂರಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಕಾಣುತ್ತಿತ್ತು.

ಆ ಮರದ್ದು ಇನ್ನು ಚೂರೂ ಉಳಿದಿಲ್ಲವಲ್ಲ ಮಾವ ಎಂದೆ. ಗೊತ್ತು ಎಂದರು. ತಂತಿಯಿಂದ ಅದನ್ನು ಪಂಜರದ ಒಳಗೆ ಬಿಗಿದರು.

ದೊರೆ ಕತ್ತು ಓರೆ ಮಾಡಿ ಸುರುಳಿಯನ್ನು ನೋಡಿತು. ಅದರ ಕೆನ್ನೆ ಗುಲಾಬಿಯಾಯಿತು. ಕೊಕ್ಕು ಹಾಕಿ ಮೊದಲ ಚೂರು ಎಬ್ಬಿಸಿತು. ಮಾವ ಕಣ್ಣು ಮುಚ್ಚಿಕೊಂಡರು, ಆದರೆ ಅಲ್ಲಿಂದ ಏಳಲಿಲ್ಲ.

ಅತ್ತೆ ಹೇಳದೆ ಕೇಳದೆ ಬಂದರು. ನಾನು ಫೋನಿನಲ್ಲಿ ಒಬ್ಬರಿಗೆ ನೀರಿನ ಕೊಳವೆ ಬಿಚ್ಚುವುದು ಹೇಗೆಂದು ಹೇಳುತ್ತಿದ್ದೆ, ಬಾಗಿಲು ತೆರೆದುಕೊಂಡಿತು. ಕೈಯಲ್ಲಿ ಚೀಲವಿರಲಿಲ್ಲ. ಹೊಸ್ತಿಲಾಚೆ, ಚಪ್ಪಲಿಗಳ ಪಕ್ಕ ಬಿಟ್ಟು ಬಂದಿದ್ದರು. ಉಳಿಯುವುದೋ ತಿರುಗಿ ಹೋಗುವುದೋ ಇನ್ನೂ ತೀರ್ಮಾನವಾಗಿಲ್ಲ ಎಂದಾಯಿತು. ಅವರು ಯಾರ ಕಡೆಯೂ ನೋಡದೆ ನೇರ ಪಂಜರದ ಹತ್ತಿರ ಹೋದರು. ದೊರೆ ಮನೆಯ ಹೆಂಚು ಹಾರುವಂತೆ ಕಿರುಚಿ, ಸೊಟ್ಟ ಕೊಂಬೆಯ ಮೇಲೆ ಓಡೋಡಿ ಬಂದು ತಲೆ ಬಗ್ಗಿಸಿ ಕೊಟ್ಟಿತು. ಕತ್ತಿನ ಗರಿ ಕೆದರಿಸುತ್ತಲೇ ಅತ್ತೆ ಕೊಂಬೆಗಳನ್ನು ನೋಡಿದರು, ಕಟ್ಟಿದ ಹಗ್ಗ ನೋಡಿದರು, ನೆಲದ ತುಂಬ ಬಿದ್ದ ಸಿಬಿರು ನೋಡಿದರು. ಒಂದು ಬಾದಾಮಿ ಕೊಟ್ಟರು. ದೊರೆ ಎಡಗಾಲು ಎತ್ತಿ ಹಿಡಿದುಕೊಂಡಿತು.

ಆಮೇಲೆ ತಂತಿಯಲ್ಲಿ ಬಿಗಿದಿದ್ದ ಕುರ್ಚಿಯ ಕೈ ಕಂಡರು. ಅರ್ಧ ತಿಂದು ಮುಗಿದಿತ್ತು. ಆದರೆ ಸುರುಳಿ ಯಾವುದೆಂದು ಅವರಿಗೆ ಗೊತ್ತಾಗದಿರುತ್ತದೆಯೇ. ಮರದ ಬಣ್ಣ ಗೊತ್ತಾಗದಿರುತ್ತದೆಯೇ. ಅಲ್ಲೇ ತುಂಬ ಹೊತ್ತು ನಿಂತರು.

ಕುರ್ಚಿ ಅದರ ಹಳೆಯ ಜಾಗದಲ್ಲಿತ್ತು. ಮಾವ ಹಿಂದಿನ ದಿನವಷ್ಟೇ ಕೆಳಗಿನಿಂದ ತಂದಿಟ್ಟಿದ್ದರು. ಅತ್ತೆ ಹೋಗಿ ಕೂತರು. ಅವರ ಎಡಗೈ ಸುರುಳಿ ಹಿಡಿಯಿತು. ಬಲಗೈ ದೊರೆ ಕಚ್ಚಿ ತಿಂದ ಜಾಗಕ್ಕೆ ಬಂದು, ಹಳ್ಳ ದಿಣ್ಣೆಗಳ ಮೇಲೆ ಬೆರಳಾಡಿಸಿತು. ಒಂದು ಸಿಬಿರನ್ನೂ ಯಾರೂ ತೆಗೆದಿರಲಿಲ್ಲ.

"ಇದನ್ನ ಸರಿ ಮಾಡ್ಲಿಲ್ವಾ?" ಎಂದು ಕೇಳಿದರು. ಮಾವನನ್ನೇ ನೇರವಾಗಿ ಕೇಳಿದರು.

ಮಾವ ಬಂದು ಕುರ್ಚಿಯ ಬಲಗೈಯನ್ನು ಬಗ್ಗಿ ನೋಡಿದರು. ಬ್ಯಾಂಡೇಜು ಸುತ್ತಿದ ತೋರುಬೆರಳು ಅದರ ಹತ್ತಿರ ಹೋಗಿ ಹಿಂದೆ ಬಂತು.

"ಯಾಕೆ, ಇದಕ್ಕೇನಾಗಿದೆ?" ಎಂದರು.

ಅತ್ತೆ ಅವರ ಮುಖವನ್ನೇ ನೋಡಿದರು. ಆಮೇಲೆ ಕುರ್ಚಿಗೆ ಸರಿಯಾಗಿ ಒರಗಿಕೊಂಡು, ಚೀಲ ಹೊರಗಿದೆ, ಭಾರ ಇದೆ, ನೀವೇ ತಂದಿಡಿ ಎಂದರು.